ಶಿಕಾರಿ ಪುಸ್ತಕದ ಎರಡು ಕೋವಿಗಳು

ಕೆನೆತ್ ಆಂಡರ್ಸನ್ನರ ಶಿಕಾರಿ ಕಥೆಗಳನ್ನು ನಮ್ಮ ಓದುಗರು ಬಾಯಿ ಚಪ್ಪರಿಸಿಕೊಂಡು ಓದುತ್ತಾರೆ. ತೇಜಸ್ವಿ ಕನ್ನಡಕ್ಕೆ ತಂದ ಮೇಲಂತೂ ಕೇಳೋದೇ ಬೇಡ. ನಾವೂ ಓದಿದೆವು. ನಮ್ಮ ಕಣ್ಣು ನಿಂತದ್ದು ಮಾತ್ರ ಹುಲಿಯ ಮೇಲಲ್ಲ, ಕೋವಿಗಳ ಮೇಲೆ.

ಆಂಡರ್ಸನ್ನರದು .405 ವಿಂಚೆಸ್ಟರ್. ಸನ್ನೆ ಎಳೆದು ಬಿಟ್ಟರೆ ಮುಂದಿನ ತೋಟಾ ತಾನೇ ಏರುತ್ತದೆ. ಅವರ ಕಾಡಿನ ಗೆಳೆಯ ಪೂಜಾರಿ ಬೈರನದು ಬಾಯಿಂದ ಮದ್ದು ತುಂಬುವ ಹಳೇ ನಾಡಕೋವಿ. ಮದ್ದು ಸುರಿಯಬೇಕು, ನಾರು ತುರುಕಬೇಕು, ಚರೆ ಹಾಕಬೇಕು, ಗಜದಿಂದ ಗುದ್ದಬೇಕು. ಇಷ್ಟೆಲ್ಲ ಮಾಡಿದರೂ ಒಂದೇ ಈಡು. ತಪ್ಪಿದರೆ ಜಿಂಕೆ ಕಾದು ನಿಂತಿರುತ್ತದೆಯೇ? ಅದಕ್ಕೇ ಬೈರನಂಥವರು ನೀರಿನ ಮಗ್ಗುಲಲ್ಲಿ ಗುಂಡಿ ತೋಡಿ, ಗಾಳಿ ನೋಡಿ, ರಾತ್ರಿಯೆಲ್ಲ ಉಸಿರು ಬಿಗಿಹಿಡಿದು ಕೂರಬೇಕು. ದೊಡ್ಡ ಕಸುಬು ಯಾರದು ಸ್ವಾಮಿ? ಆದರೂ ಪರವಾನಗಿ ಇದ್ದವ ಶಿಕಾರಿ, ಇಲ್ಲದವ ಕಳ್ಳ. ಆಂಡರ್ಸನ್ ಬೈರನನ್ನು ಪ್ರೀತಿಯಿಂದಲೇ ಬರೆದಿದ್ದಾರೆ, ಒಪ್ಪೋಣ. ಈ ಎರಡು ಹೆಸರು ಹಂಚಿದವರು ಯಾರು ಎಂಬುದೇ ನಮ್ಮ ತಕರಾರು.

1857ರಲ್ಲಿ ಹಲಗಲಿಯ ಬೇಡರು ಹತಾರ ಒಪ್ಪಿಸೋದಿಲ್ಲ ಅಂದರು. ಊರು ಸುಟ್ಟರು, ಗಲ್ಲಿಗೆ ಹಾಕಿದರು. 1861ರಲ್ಲಿ ಅದೇ ಬ್ರಿಟಿಷರು ಕೊಡವರಿಗೆ ಹತಾರ ಕಾಯಿದೆಯಿಂದ ವಿನಾಯಿತಿ ಕೊಟ್ಟರು, ನಿಷ್ಠೆಗೆ ಬಹುಮಾನ. ಕೋವಿ ಯಾರ ಕೈಯಲ್ಲಿರಬೇಕೆಂದು ಕಾಡು ತೀರ್ಮಾನಿಸಲಿಲ್ಲ.

1972ರ ವನ್ಯಜೀವಿ ಕಾಯಿದೆಯಡಿ ಇಂದು ಜಿಂಕೆ ಬೇಟೆ ಎಲ್ಲರಿಗೂ ಅಪರಾಧ. ಜಿಂಕೆ ಉಳಿಯಲಿ, ಬೇಡವೆಂದವರಾರು? ಆದರೆ ಶಿಕಾರಿಯ ನೆನಪು ಪುಸ್ತಕವಾಗಿ ಮಾರಾಟವಾಗುತ್ತಿದೆ. ಆ ಗುಂಡಿಯೊಳಗಿನ ರಾತ್ರಿಯನ್ನು, ಮನೆಯಲ್ಲಿ ಒಲೆ ಹತ್ತದ ದಿನಗಳನ್ನು ಬೈರನೇ ಹೇಳಿದ್ದರೆ ನಾವು ಮೊದಲು ಕೊಳ್ಳುತ್ತಿದ್ದುದು ಆ ಪುಸ್ತಕವನ್ನು.