ಹೆಸರು ಸಿಕ್ಕಿತು, ರುಚಿ ಸಿಕ್ಕಿತೇ?

ಕಾವ್ಯದ ಬಗ್ಗೆ ಮಾತಾಡುವಾಗ ನಾವು ಬಳಸುವ ಹಲವು ಪದಗಳು ಊಟದ ಎಲೆಯಿಂದ ಎದ್ದು ಬಂದವು. ರಸ, ಆಸ್ವಾದ, ಚರ್ವಣ, ಅಭಿರುಚಿ. ನಾಟ್ಯಶಾಸ್ತ್ರದಲ್ಲಿ ರಸವೆಂದರೇನೆಂದು ವಿವರಿಸಲು ಹೊರಟ ಭರತ ಕೂಡ ಊಟದ ಉದಾಹರಣೆಯನ್ನೇ ಹಿಡಿಯುತ್ತಾನೆ. ನಾನಾ ವ್ಯಂಜನ ಬೆರೆತ ಅನ್ನವನ್ನು ಉಣ್ಣುವವನು ಅದರ ಸವಿಯನ್ನು ಅನುಭವಿಸುವಂತೆ ಪ್ರೇಕ್ಷಕ ಸ್ಥಾಯಿಭಾವವನ್ನು ಸವಿಯುತ್ತಾನೆ ಎನ್ನುತ್ತಾನೆ. ಆದರೆ ಸವಿಯುವುದು ಬೇರೆ, ಸವಿದೆನೆಂದು ನಾಲ್ಕು ಜನರೆದುರು ತೋರಿಸುವುದು ಬೇರೆ. ವಿಮರ್ಶೆ ಬರೆಯುವ ನಾವೆಲ್ಲ ಇವೆರಡರ ನಡುವೆ ನಿಂತವರು. ಆ ಜಾಗ ಎಷ್ಟು ಅಪಾಯದ್ದೆಂದು ನನಗೆ ಕಾಣಿಸಿದ್ದು ಯಾವುದೇ ಕಾವ್ಯಮೀಮಾಂಸೆಯ ಗ್ರಂಥದಲ್ಲಲ್ಲ, ಹಳೆಯ ಫ್ರೆಂಚ್ ಕೆಂಪು ವೈನಿನ ಕುರಿತ ಒಂದು ಇಂಗ್ಲಿಷ್ ಕಥೆಯಲ್ಲಿ.

ರೋಲ್ಡ್ ಡಾಲ್‌ನ ‘ಟೇಸ್ಟ್’ 1951ರಲ್ಲಿ ‘ದಿ ನ್ಯೂಯಾರ್ಕರ್’ ಪತ್ರಿಕೆಯಲ್ಲಿ ಪ್ರಕಟವಾದ ಕಥೆ. 1953ರ ‘ಸಮ್‌ಒನ್ ಲೈಕ್ ಯು’ ಸಂಕಲನದಲ್ಲೂ ಇದೆ. ಕಥೆಯ ಕೊನೆಯನ್ನು ಹೇಳದೆ ಇದರ ಬಗ್ಗೆ ಬರೆಯಲು ಬರುವುದಿಲ್ಲ. ಓದದವರು ಮೊದಲು ಓದಿ ಬಂದರೆ ಒಳ್ಳೆಯದು.

ಲಂಡನ್ನಿನ ಷೇರು ದಲ್ಲಾಳಿ ಮೈಕ್ ಸ್ಕೋಫೀಲ್ಡ್‌ನ ಮನೆಯಲ್ಲಿ ಆರು ಜನರ ಊಟ. ಅತಿಥಿಗಳಲ್ಲಿ ಒಬ್ಬ ರಿಚರ್ಡ್ ಪ್ರಾಟ್, ವೈನ್ ರುಚಿ ನೋಡುವುದರಲ್ಲಿ ಹೆಸರಾದವನು. ಲೇಬಲ್ ಕಾಣದಂತೆ ಬುಟ್ಟಿಯಲ್ಲಿ ಮಲಗಿಸಿದ ಬಾಟಲಿಯ ವೈನ್ ಯಾವುದು, ಯಾವ ವರ್ಷದ್ದು ಎಂದು ಅವನು ಹೇಳಬೇಕು. ಹಿಂದಿನ ಊಟಗಳಲ್ಲಿ ಪಣ ಒಂದು ಪೆಟ್ಟಿಗೆ ವೈನಿನಷ್ಟಿತ್ತು. ಈ ಸಲ ಅದು ಬೆಳೆಯುತ್ತ ಹೋಗುತ್ತದೆ. ಪ್ರಾಟ್ ಸೋತರೆ ತನ್ನ ಎರಡು ಮನೆಗಳನ್ನು ಕೊಡಬೇಕು. ಗೆದ್ದರೆ ಮೈಕ್‌ನ ಹದಿನೆಂಟರ ಮಗಳು ಲೂಯಿಸ್‌ಳನ್ನು ಮದುವೆಯಾಗಬಹುದು. ಪ್ರಾಟ್ ಮೂಸುತ್ತಾನೆ, ಬಾಯಲ್ಲಿ ಹೊರಳಿಸುತ್ತಾನೆ, ಯೋಚಿಸುತ್ತಾನೆ, ಹೇಳುತ್ತಾನೆ: ಶಾತೋ ಬ್ರನೇರ್ ದ್ಯುಕ್ರು, 1934. ಉತ್ತರ ಸರಿ. ಅಷ್ಟರಲ್ಲಿ ಮನೆಗೆಲಸದಾಕೆ ಬಂದು ಅವನ ಕನ್ನಡಕವನ್ನು ಮುಂದಿಡುತ್ತಾಳೆ. ಅದು ಸಿಕ್ಕಿದ್ದು ಮೈಕ್‌ನ ಓದುಕೋಣೆಯಲ್ಲಿ, ಬಾಟಲಿ ಇಟ್ಟಿದ್ದ ಕಪಾಟಿನ ಮೇಲೆ.

ಬಾಟಲಿ ಅಲ್ಲಿಗೆ ಯಾಕೆ ಹೋಗಿತ್ತು ಎಂಬುದರಲ್ಲೇ ಕಥೆಯ ಜಾಣತನವಿದೆ. ನೆಲಮಾಳಿಗೆಯ ತಂಪಿನಿಂದ ತಂದ ಕೆಂಪು ವೈನ್ ಕೋಣೆಯ ಹದಕ್ಕೆ ಬರಬೇಕು, ಬಿರಡೆ ತೆಗೆದು ಸ್ವಲ್ಪ ಹೊತ್ತು ಗಾಳಿಯಾಡಲು ಬಿಡಬೇಕು. ಅದಕ್ಕೆ ಮನೆಯಲ್ಲಿ ಓದುಕೋಣೆಯೇ ಸರಿಯಾದ ಜಾಗವೆಂದು ಹಿಂದೊಮ್ಮೆ ಸಲಹೆ ಕೊಟ್ಟವನು ಸ್ವತಃ ಪ್ರಾಟ್. ವೈನನ್ನು ಗೌರವಿಸುವ ಕ್ರಮವೇ ಮೋಸಕ್ಕೆ ಬಾಗಿಲು ತೆರೆಯುತ್ತದೆ.

ಹಳೆಯ ಬೋರ್ಡೊ ವೈನನ್ನು ನಾನು ಕುಡಿದಿಲ್ಲ. ಫೆಲೋಶಿಪ್ ಹಣದಲ್ಲಿ ಕುಡಿಯುವಂಥದ್ದೂ ಅಲ್ಲ. ಆದರೂ ಅದರ ಒಂದು ಗುಣವನ್ನು ಕನ್ನಡದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ದ್ರಾಕ್ಷಿಯ ಸಿಪ್ಪೆ, ಬೀಜಗಳಿಂದ ಬರುವ ಟ್ಯಾನಿನ್ ಎಂಬುದು ನಮ್ಮ ಒಗರು. ಬಾಳೆಕಾಯಿ, ನೇರಳೆ, ಅಡಿಕೆ ತಿಂದಾಗ ನಾಲಿಗೆಯನ್ನು ಹಿಡಿಯುವುದು ಅದೇ. ಎಳೆಯ ಬೋರ್ಡೊ ವೈನಿನಲ್ಲಿ ಈ ಒಗರು ಗಡಸು. ವರ್ಷಗಳು ಕಳೆದಂತೆ ಅದು ಮೃದುವಾಗುತ್ತದೆ, ಸ್ವಲ್ಪ ಭಾಗ ಬಣ್ಣದ ಜೊತೆ ಸೇರಿ ಗಸಿಯಾಗಿ ತಳಕ್ಕಿಳಿಯುತ್ತದೆ. ನೇರಳೆ ಛಾಯೆಯ ಕೆಂಪು ಲೋಟದ ಅಂಚಿನಲ್ಲಿ ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ. ಹಣ್ಣಿನ ವಾಸನೆ ಹಿಂದೆ ಸರಿದು ತೊಗಲು, ಹೊಗೆಸೊಪ್ಪು, ಅಣಬೆ, ಒದ್ದೆ ತರಗೆಲೆಗಳನ್ನು ನೆನಪಿಸುವ ವಾಸನೆಗಳು ಮುಂದೆ ಬರುತ್ತವೆ. ಕಥೆ ಪ್ರಕಟವಾಗುವ ಹೊತ್ತಿಗೆ 1934ರ ವೈನಿಗೆ ಹದಿನೇಳು ವರ್ಷ. ಅಂದರೆ ಮೇಜಿನ ಮೇಲಿದ್ದ ಬಾಟಲಿಗೂ ಎದುರಿಗೆ ಕೂತಿದ್ದ ಹುಡುಗಿಗೂ ಹೆಚ್ಚು ಕಡಿಮೆ ಒಂದೇ ವಯಸ್ಸು.

ಪ್ರಾಟ್ ಉತ್ತರ ಕಟ್ಟುವ ರೀತಿಯನ್ನು ನಿಧಾನವಾಗಿ ಗಮನಿಸಬೇಕು. ಮೊದಲು ಬೋರ್ಡೊ ಸೀಮೆಯಲ್ಲಿ ಮೆಡಾಕ್ ಎಂದು ಗೊತ್ತುಮಾಡುತ್ತಾನೆ. ಆಮೇಲೆ ಮಾರ್ಗೊ ಅಲ್ಲ, ಪೊಯಾಕ್ ಅಲ್ಲ, ಸೇಂಟ್ ಜೂಲಿಯನ್ ಎನ್ನುತ್ತಾನೆ. ಆಮೇಲೆ ದರ್ಜೆ. 1855ರ ಪ್ಯಾರಿಸ್ ಪ್ರದರ್ಶನಕ್ಕಾಗಿ ದಲ್ಲಾಳಿಗಳು ಮಾರುಕಟ್ಟೆಯ ಬೆಲೆ ನೋಡಿ ಬೋರ್ಡೊ ಕೆಂಪು ವೈನುಗಳನ್ನು ಐದು ದರ್ಜೆಗಳಾಗಿ ವಿಂಗಡಿಸಿದ್ದರು. ಆ ಪಟ್ಟಿ ಇಂದಿಗೂ ಚಾಲ್ತಿಯಲ್ಲಿದೆ. ಪ್ರಾಟ್ ನಾಲ್ಕನೆಯ ದರ್ಜೆ ಎನ್ನುತ್ತಾನೆ. ಸೇಂಟ್ ಜೂಲಿಯನ್‌ನಲ್ಲಿ ಆ ದರ್ಜೆಯ ಶಾತೋಗಳು ನಾಲ್ಕೇ. ಒಂದೊಂದು ಮೆಟ್ಟಿಲಿಗೂ ಕಾರಣವಿದೆ, ಒಂದೊಂದು ಕಾರಣವೂ ಒಪ್ಪುವಂತಿದೆ.

ಈ ಕಥೆಯನ್ನು ಸಾಮಾನ್ಯವಾಗಿ ರಸಿಕರ ಸೋಗನ್ನು ಬಯಲು ಮಾಡುವ ವಿಡಂಬನೆಯಾಗಿ ಓದುತ್ತಾರೆ. ಪ್ರಾಟ್‌ಗೆ ಏನೂ ಗೊತ್ತಿರಲಿಲ್ಲ, ಲೇಬಲ್ ಕದ್ದು ನೋಡಿದ, ಸಿಕ್ಕಿಬಿದ್ದ ಎಂದು. ನನಗೆ ಈ ಓದು ತೀರಾ ಸುಲಭದ್ದೆನಿಸುತ್ತದೆ. ಉತ್ತರ ಮೊದಲೇ ತಿಳಿದಿದ್ದರೂ ಅಲ್ಲಿಗೆ ಹೋಗುವ ದಾರಿಯನ್ನು ಇಷ್ಟು ನಂಬುವಂತೆ ಕಟ್ಟಲು ಆ ಸೀಮೆ, ಆ ದರ್ಜೆ, ಆ ರುಚಿಗಳ ಬಗ್ಗೆ ನಿಜವಾದ ತಿಳಿವಳಿಕೆ ಬೇಕು. ಪ್ರಾಟ್‌ಗೆ ವಿದ್ಯೆ ಇದೆ. ಇಲ್ಲದಿರುವುದು ತಪ್ಪಾಗಬಹುದೆಂಬ ಅಪಾಯ. ಆ ಅಪಾಯ ಇಲ್ಲದ ಕಡೆ ವಿದ್ಯೆ ಬರೀ ಪ್ರದರ್ಶನವಾಗುತ್ತದೆ. ಕಥೆಯ ನಿಜವಾದ ಕಹಿ ಇರುವುದು ಇಲ್ಲಿ.

ಲೇಬಲ್ ಮರೆಮಾಡಿದರೆ ಎಲ್ಲ ಸರಿಹೋಗುತ್ತದೆ ಎಂದೇನೂ ಅಲ್ಲ. 2001ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಬೋರ್ಡೊದಲ್ಲೇ ವೈನ್‌ಶಾಸ್ತ್ರ ಕಲಿಯುತ್ತಿದ್ದ 54 ಮಂದಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿದ ಬಿಳಿ ವೈನನ್ನು ಕೊಟ್ಟರು. ಅವರು ಅದನ್ನು ಕೆಂಪು ವೈನಿಗೆ ಬಳಸುವ ಪದಗಳಲ್ಲೇ ವರ್ಣಿಸಿದರು. ಮೂಗು ಹೇಳುವ ಮೊದಲೇ ಕಣ್ಣು ಪದ ಆರಿಸಿತ್ತು. ಸಾಹಿತ್ಯದಲ್ಲಿ ಇಂಥದ್ದೇ ಪರೀಕ್ಷೆಯನ್ನು ಐ.ಎ. ರಿಚರ್ಡ್ಸ್ ಬಹಳ ಹಿಂದೆಯೇ ಮಾಡಿದ್ದರು. ಕೇಂಬ್ರಿಜ್‌ನ ವಿದ್ಯಾರ್ಥಿಗಳಿಗೆ ಕವಿಯ ಹೆಸರಿಲ್ಲದ ಕವಿತೆಗಳನ್ನು ಕೊಟ್ಟು, ಅವರು ಬರೆದುಕೊಟ್ಟದ್ದನ್ನು 1929ರ ‘ಪ್ರಾಕ್ಟಿಕಲ್ ಕ್ರಿಟಿಸಿಸಂ’ನಲ್ಲಿ ವಿಶ್ಲೇಷಿಸಿದರು. ಓದಿಕೊಂಡವರೇ ಎಡವಿದ್ದರು. ಎರಡೂ ಕಡೆ ಎಡವಿದವರನ್ನು ನೋಡಿ ನಗುವುದು ಸುಲಭ. ನನಗೆ ಅವರ ಮೇಲೆ ಗೌರವವಿದೆ. ಅವರು ತಪ್ಪು ಹೇಳಿದ್ದಿರಬಹುದು, ಕದ್ದು ನೋಡಿ ಹೇಳಲಿಲ್ಲ.

ನಮ್ಮ ಸೆಮಿನಾರು ಕೋಣೆಗಳಲ್ಲಿ ಪ್ರಾಟ್‌ನ ಕ್ರಮ ಚೆನ್ನಾಗಿ ನಡೆಯುತ್ತದೆ. ಕವಿತೆಯ ನಾಲ್ಕು ಸಾಲು ಓದುವಷ್ಟರಲ್ಲಿ ನವೋದಯವೋ ನವ್ಯವೋ ಬಂಡಾಯವೋ ಎಂದು ಗೊತ್ತುಮಾಡುತ್ತೇವೆ. ಆಮೇಲೆ ದಶಕ, ಪ್ರಭಾವ, ಕವಿಯ ಊರು, ಹಿನ್ನೆಲೆ. ಮೆಟ್ಟಿಲು ಮೆಟ್ಟಿಲಾಗಿ ಇಳಿದು ಹೆಸರಿಗೆ ಬಂದು ನಿಲ್ಲುತ್ತೇವೆ. ಇದಕ್ಕೆ ಓದು ಬೇಕು, ನಿಜ. ಇತಿಹಾಸ ಬೇಡವೆಂದು ನಾನು ಹೇಳುತ್ತಿಲ್ಲ. ಆದರೆ ಎಷ್ಟೋ ಸಲ ಮೊದಲ ಪುಟದಲ್ಲಿ ಅಚ್ಚಾದ ಹೆಸರನ್ನು ಓದಿಯೇ ಒಳಗೆ ಹೋಗಿರುತ್ತೇವೆ, ಕವಿತೆಯೇ ನಮ್ಮನ್ನು ಅಲ್ಲಿಗೆ ತಂದಿತೆಂಬಂತೆ ಮಾತಾಡುತ್ತೇವೆ. ಗುರುತು ಹಿಡಿದ ಮೇಲೆ ಆಸ್ವಾದ ಮುಗಿಯಿತೆಂದುಕೊಳ್ಳುತ್ತೇವೆ. ಅಭಿನವಗುಪ್ತ ಹೇಳುವ ಸಹೃದಯ ಕಾವ್ಯವನ್ನು ಓದಿ ಓದಿ ಮನಸ್ಸನ್ನು ಕನ್ನಡಿಯಂತೆ ತಿಳಿಯಾಗಿಸಿಕೊಂಡವನು. ಅವನಿಗೂ ಅಭ್ಯಾಸ ಬೇಕು. ಆದರೆ ಆ ಕನ್ನಡಿಯಲ್ಲಿ ಕಾಣಬೇಕಾದದ್ದು ಕವಿತೆ, ಅವನ ಜಾಣತನವಲ್ಲ.

ಕಥೆಯ ಇನ್ನಿಬ್ಬರ ಬಗ್ಗೆ ಹೇಳದೆ ಇದು ಪೂರ್ತಿಯಾಗದು. ಮಗಳನ್ನು ಪಣಕ್ಕಿಡುವ ಜಾಗಕ್ಕೆ ಬಂದಾಗ ಕನ್ನಡದ ಓದುಗರಿಗೆ ದ್ಯೂತಸಭೆ ನೆನಪಾಗದೆ ಇರದು. ಅಲ್ಲಿ ದ್ರೌಪದಿ ಪ್ರಶ್ನೆ ಕೇಳಿ ಇಡೀ ಸಭೆಯನ್ನು ತಬ್ಬಿಬ್ಬು ಮಾಡುತ್ತಾಳೆ. ಇಲ್ಲಿ ಲೂಯಿಸ್ ಆಗದು ಎನ್ನುತ್ತಾಳೆ. ಇಷ್ಟು ಸಣ್ಣ ಶಾತೋ ಯಾರಿಗೂ ಗೊತ್ತಾಗದು, ಗೆಲುವು ನಮ್ಮದೇ ಎಂದು ಅಪ್ಪ ಅವಳನ್ನು ಒಪ್ಪಿಸುತ್ತಾನೆ. ಮೈಕ್‌ಗೆ ದುಡ್ಡಿದೆ, ದುಡ್ಡಿನ ಬಗ್ಗೆ ಒಂದು ನಾಚಿಕೆಯಿದೆ, ಅಭಿರುಚಿಯಿಂದ ಅದನ್ನು ತೊಳೆದುಕೊಳ್ಳುವ ಆಸೆಯಿದೆ. ಆ ಆಸೆಯ ಬೆಲೆ ಕಟ್ಟಬೇಕಾದವಳು ಮಗಳು. ಪ್ರಾಟ್ ಅವಳನ್ನು ನೋಡುವ ಬಗೆಗೂ ವೈನನ್ನು ಬಾಯಲ್ಲಿ ಹೊರಳಿಸುವ ಬಗೆಗೂ ಡಾಲ್ ಹೆಚ್ಚು ಅಂತರ ಇಟ್ಟಿಲ್ಲ.

ಕೊನೆಗೆ ಆಟ ಕೆಡಿಸುವವಳು ಮನೆಗೆಲಸದ ಹೆಂಗಸು. ಆ ಮೇಜಿನಲ್ಲಿ ಅವಳಿಗೆ ಲೋಟವಿಲ್ಲ, ಅವಳ ಅಭಿರುಚಿ ಯಾರಿಗೂ ಬೇಕಾಗಿಲ್ಲ. ಅವಳು ಹೇಳುವುದು ಕಂಡದ್ದನ್ನಷ್ಟೇ: ಕನ್ನಡಕ ಇಲ್ಲಿತ್ತು, ಊಟಕ್ಕೆ ಮುಂಚೆ ಇವರು ಅಲ್ಲಿಗೆ ಹೋಗಿದ್ದರು. ರುಚಿಯ ಕುರಿತ ಇಡೀ ಕಥೆಯಲ್ಲಿ ಒಂದು ಉಪಮೆಯೂ ಇಲ್ಲದೆ ಪೂರ್ತಿ ನಂಬಬಹುದಾದ ಮಾತು ಅದೊಂದೇ.

ಎರಡನೆಯ ಸಲ ಓದುವಾಗ ಹೆಚ್ಚಿನವರು ಕನ್ನಡಕದ ಸುಳಿವು ಮೊದಲೇ ಎಲ್ಲಿತ್ತೆಂದು ಹುಡುಕುತ್ತಾರೆ. ನಾನು ಬೇರೊಂದನ್ನು ಹುಡುಕುತ್ತೇನೆ: ಹದಿನೇಳು ವರ್ಷ ಕತ್ತಲಲ್ಲಿ ಹದವಾದ ಆ ವೈನನ್ನು ಆ ರಾತ್ರಿ ಯಾರಾದರೂ ಸುಮ್ಮನೆ, ಸವಿಗಾಗಿ ಕುಡಿದರೇ ಎಂದು.