ಹೆಂಡದ ಗಡಿಗೆ ಇಲ್ಲದ ಹಳ್ಳಿ

ನಮ್ಮ ಹೊನ್ನಾಳಿ, ನ್ಯಾಮತಿ ಕಡೆಯ ಶಾಲೆ ಕಾಲೇಜುಗಳಲ್ಲೂ ಈಗ ವರ್ಷಕ್ಕೊಂದು ದಿನ 'ಹಳ್ಳಿ' ಕಟ್ಟುತ್ತಾರೆ. ಸೋಗೆ ಗುಡಿಸಲು, ಬೀಸುಕಲ್ಲು, ಒನಕೆ, ಎತ್ತಿನ ಗಾಡಿ. ಹುಡುಗರಿಗೆ ಪಂಚೆ ರುಮಾಲು, ಹುಡುಗಿಯರಿಗೆ ಇಳಕಲ್ ಸೀರೆ. ಸೇವಾಲಾಲರು ಹುಟ್ಟಿದ ಸೂರಗೊಂಡನಕೊಪ್ಪ ಇದೇ ಸೀಮೆಯಲ್ಲಿದ್ದರೂ ಲಂಬಾಣಿ ಲಂಗ ಬಾಡಿಗೆ ಅಂಗಡಿಯಿಂದ ಬರುತ್ತದೆ. ತಾಂಡಾದ ಮಾತು ಬರುವುದಿಲ್ಲ. ಒಬ್ಬ ಗೌಡ, ಒಬ್ಬ ಶಾನುಭೋಗ, ಒಬ್ಬ ಪೂಜಾರಿ. ಮುಖ್ಯ ಅತಿಥಿಗಳು ಹಗ್ಗದ ಮಂಚದ ಮೇಲೆ ಕೂತು 'ಇದೇ ನಮ್ಮ ಸಂಸ್ಕೃತಿ' ಎನ್ನುತ್ತಾರೆ.

ಇದನ್ನು ಮಕ್ಕಳಾಟ ಎಂದು ಬಿಡುವಂತಿಲ್ಲ. ಆಡಿ ತೋರಿಸುವ ಚರಿತ್ರೆಯೂ ಒಂದು ಕೃತಿಯೇ. ಕತೆ ಕಾದಂಬರಿಗಳನ್ನು ಕೇಳುವ ಪ್ರಶ್ನೆಯನ್ನೇ ಇದನ್ನೂ ಕೇಳಬೇಕು: ಇಲ್ಲಿ ಯಾರಿದ್ದಾರೆ, ಯಾರಿಲ್ಲ?

ಹೆಂಡದ ಗಡಿಗೆ ಎಲ್ಲಿ?

'ಅಯ್ಯೋ, ಮಕ್ಕಳ ಮುಂದೆ ಅದ್ಯಾಕ್ರೀ?' ಎನ್ನುತ್ತಾರೆ ಮೇಷ್ಟ್ರು. ಆದರೆ ಗಡಿಗೆ ತೆಗೆದರೆ ಅದರ ಜೊತೆ ಒಂದು ಲೋಕವೇ ಹೋಗುತ್ತದೆ. ಹಳ್ಳದ ದಂಡೆಯ ಈಚಲು ಮರ ಹತ್ತಿ, ನೆತ್ತಿಯ ಬಳಿ ಹದವಾಗಿ ಕೆತ್ತಿ, ಸಂಜೆ ಗಡಿಗೆ ಕಟ್ಟಿ, ಬೆಳಗಿನ ಜಾವ ಇಳಿಸುವವನ ಕೈಯಲ್ಲಿ ವಿದ್ಯೆಯಿದೆ. ಕೆತ್ತು ಮಿತಿ ಮೀರಿದರೆ ಮರಕ್ಕೇ ಕುತ್ತು. ಗಡಿಗೆಯೊಳಗೆ ಸುಣ್ಣ ಬಳಿದರೆ ರಸ ಸಿಹಿಯಾಗಿ ಉಳಿದು ನೀರಾ ಆಗುತ್ತದೆ. ಬಳಿಯದಿದ್ದರೆ ಬಿಸಿಲೇರುವಷ್ಟರಲ್ಲಿ ಹುದುಗು ಹತ್ತಿ, ನೊರೆಯೆದ್ದು ಹೆಂಡವಾಗುತ್ತದೆ. ಈಡಿಗರು, ದೀವರು, ಬಿಲ್ಲವರು ತಲೆತಲಾಂತರದಿಂದ ಇದನ್ನು ಬಲ್ಲರು. ಹುದುಗುವಿಕೆ ಎಂದರೇನು ಎಂದು ಪರೀಕ್ಷೆಯಲ್ಲಿ ಬರೆದವನಿಗೆ ಅಂಕ. ಅದನ್ನು ಬದುಕಿನಲ್ಲಿ ಮಾಡಿದವನಿಗೆ 'ಹೆಂಡದವನು' ಎಂಬ ಹೀಯಾಳಿಕೆ.

ಗಡಿಗೆಯ ಸುತ್ತ ಜಾತಿಯೂ ಕೂತಿತ್ತು. ಎಷ್ಟೋ ಊರುಗಳಲ್ಲಿ ಊರಿನವರಿಗೆ ಲೋಟ, ಕೇರಿಯವರಿಗೆ ಕರಟ. ಅದೂ ಮುಟ್ಟದೆ ಮೇಲಿನಿಂದ ಹೊಯ್ದದ್ದು. ಬ್ರಿಟಿಷರ ಕಾಲದಲ್ಲೂ ಆಮೇಲೂ ಅಬಕಾರಿ ಹರಾಜು ನಡೆಯಿತು. ಸರ್ಕಾರದ ಬೊಕ್ಕಸ ತುಂಬಿತು, ಗುತ್ತಿಗೆದಾರನ ಮಹಡಿ ಎದ್ದಿತು, ಕೇರಿಯ ಹೆಣ್ಣುಮಕ್ಕಳ ಬೆನ್ನ ಮೇಲೆ ಬಾಸುಂಡೆ ಎದ್ದವು. 'ಹೊನ್ನಾಳಿ ಹೊಡ್ತ' ಎಂದು ನಾವು ನಗೆಯಾಡುತ್ತೇವೆ. ಸದ್ದಿಲ್ಲದೆ ಬಿದ್ದ ಈ ಹೊಡ್ತ ಯಾವ ವೇದಿಕೆಯ ಮೇಲೆ ಬಂದಿದೆ?

ಹಳೆಯ ಕಾಲವನ್ನು ವೇಷ ಕಟ್ಟಿ ತೋರಿಸುವ ಕೆಲಸ ಅಮೆರಿಕದಲ್ಲಿ ದೊಡ್ಡ ಉದ್ಯಮವೇ ಆಗಿದೆ. ಅಲ್ಲೂ ಇದೇ ಜಗಳ ನಡೆದಿದೆ. ವಸಾಹತು ಕಾಲದ ವಿಲಿಯಮ್ಸ್‌ಬರ್ಗ್ ಪಟ್ಟಣವನ್ನು 1926ರಿಂದ ರಾಕ್‌ಫೆಲರ್ ಹಣದಲ್ಲಿ ಮತ್ತೆ ಕಟ್ಟಿದರು. ಕಮ್ಮಾರ, ಬಡಗಿ, ಪಾನಗೃಹದ ಯಜಮಾನ ಎಲ್ಲ ಬಂದರು. ಒಂದು ಕಾಲಕ್ಕೆ ಆ ಊರಿನ ಅರ್ಧದಷ್ಟಿದ್ದ ಕಪ್ಪು ಜನ, ಅವರಲ್ಲಿ ಬಹುಪಾಲು ಗುಲಾಮರು, ದಶಕಗಳ ಕಾಲ ಕತೆಯ ಅಂಚಿನಲ್ಲೇ ಉಳಿದರು. 1994ರ ಅಕ್ಟೋಬರ್‌ನಲ್ಲಿ ಅದೇ ಬೀದಿಯಲ್ಲಿ ಗುಲಾಮರ ಹರಾಜನ್ನು ಆಡಿ ತೋರಿಸಿದಾಗ ಗದ್ದಲವೆದ್ದಿತು. ನಮ್ಮ ನೋವನ್ನು ತಮಾಷೆ ಮಾಡಬೇಡಿ ಎಂದು ಕಪ್ಪು ಜನರ ಸಂಘಟನೆಗಳೇ ವಿರೋಧಿಸಿದವು. ಆಡಿಸಿದವಳೂ ಕಪ್ಪು ಹೆಣ್ಣುಮಗಳೇ, ಕ್ರಿಸ್ಟಿ ಕೋಲ್‌ಮನ್. ಪ್ರತಿಭಟನೆಗೆ ಬಂದಿದ್ದ ಮುಖಂಡರೊಬ್ಬರು ನೋಡಿದ ಮೇಲೆ ಮನಸ್ಸು ಬದಲಿಸಿದರು.

ಅಲ್ಲಿಯ ಬಿಯರಿನ ಕತೆಯನ್ನೂ ನೋಡಿ. ಹೊಟ್ಟು, ಹಾಪ್ಸ್, ಕಾಕಂಬಿ ಹಾಕಿ ಬಿಯರ್ ಮಾಡುವ ಕ್ರಮವನ್ನು ವಾಷಿಂಗ್ಟನ್ 1757ರ ಪುಸ್ತಕದಲ್ಲಿ ಬರೆದಿಟ್ಟದ್ದು ಈಗ ಹೆಮ್ಮೆಯ ವಸ್ತು. 'ಎಲ್ಲ ಮನುಷ್ಯರೂ ಸಮಾನರು' ಎಂದು ಬರೆದ ಜೆಫರ್ಸನ್ ಮನೆಯಲ್ಲಿ ಬಿಯರ್ ಮಾಡುತ್ತಿದ್ದವನು ಪೀಟರ್ ಹೆಮಿಂಗ್ಸ್ ಎಂಬ ಗುಲಾಮ. 1813ರಲ್ಲಿ ಇಂಗ್ಲೆಂಡಿನವನೊಬ್ಬನಿಂದ ಈ ಕಸುಬು ಕಲಿತ. ಒಡೆಯನೇ ಕಾಗದದಲ್ಲಿ ಅವನ ಬುದ್ಧಿಯನ್ನು ಹೊಗಳಿದ. ಹೊಗಳಿದನೇ ಹೊರತು ಬಿಡಲಿಲ್ಲ. ಒಡೆಯ ಸತ್ತ ಮೇಲೆ, 1827ರ ಹರಾಜಿನಲ್ಲಿ, ಬಂಧುವೊಬ್ಬ ಒಂದು ಡಾಲರಿಗೆ ಕೊಂಡು ಅವನನ್ನು ಬಿಡಿಸಿದ. ಈಗ ಆ ಮನೆ ನೋಡಲು ಹೋದವರಿಗೆ ಪೀಟರನ ಹೆಸರನ್ನೂ ಹೇಳುತ್ತಾರೆ. ಅದು ತಾನಾಗಿ ಬಂದದ್ದಲ್ಲ, ಕೇಳಿ ಪಡೆದದ್ದು.

2007ನ್ನು ನೆನಪಿಡಿ. ಆ ವರ್ಷ ಅಮೆರಿಕದಲ್ಲಿ ವಾಷಿಂಗ್ಟನ್ನನ ವಿಸ್ಕಿ ಭಟ್ಟಿಯನ್ನು ಮತ್ತೆ ಕಟ್ಟಿ ಪರಂಪರೆಯೆಂದು ತೆರೆದರು. ಅದೇ ವರ್ಷ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ಕುಡಿತ ನಿಂತಿತೇ? ಸಾರಾಯಿ ಹೋದ ಕಡೆ ಅಗ್ಗದ ವಿಸ್ಕಿ ಬಂತು. ಬೆಂಗಳೂರಿನ ಮೈಕ್ರೋಬ್ರುವರಿಗಳಲ್ಲಿ ಗಾಜಿನ ಆಚೆ ತಾಮ್ರದ ಹಂಡೆ ಹೊಳೆಯುತ್ತದೆ. ಅಲ್ಲಿ ಹುಳಿ ಬರಿಸುವವನು ಕುಶಲಿ. ಅದೇ ಕೆಲಸವನ್ನು ಕೇರಿಯಲ್ಲಿ, ತಾಂಡಾದಲ್ಲಿ ಮಾಡಿದವನು ಆರೋಪಿ. ಪದಾರ್ಥ ಒಂದೇ, ಕೈ ಬೇರೆ.

ಗೆಳೆಯರೆ, ನಾವು ಹೆಂಡಕ್ಕೆ ಜೈಕಾರ ಹಾಕುತ್ತಿಲ್ಲ. ಹೆಂಡ ಬೇಡ, ವಸತಿ ಶಾಲೆ ಬೇಕು ಎಂದು ದಲಿತ ಸಂಘರ್ಷ ಸಮಿತಿ ಬೀದಿಗಿಳಿದದ್ದು ನಮ್ಮದೇ ಚರಿತ್ರೆ. 2019ರ ಜನವರಿಯಲ್ಲಿ ಪಕ್ಕದ ಚಿತ್ರದುರ್ಗದಿಂದ ಬೆಂಗಳೂರಿಗೆ ಮದ್ಯ ನಿಷೇಧ ಕೇಳಿ ಸಾವಿರಾರು ಹೆಣ್ಣುಮಕ್ಕಳು ನಡೆದದ್ದೂ ನಮ್ಮದೇ. ಗಡಿಗೆಯನ್ನು ಮುಚ್ಚಿಟ್ಟರೆ ಈ ಹೋರಾಟವೂ ಮುಚ್ಚಿಹೋಗುತ್ತದೆ. ಏನನ್ನು ಎದುರಿಸಿ ನಡೆದರು ಎಂಬುದೇ ಗೊತ್ತಿಲ್ಲದ ಮಕ್ಕಳಿಗೆ ಆ ಹೆಣ್ಣುಮಕ್ಕಳ ಕಾಲಿನ ಬೊಬ್ಬೆ ಹೇಗೆ ಅರ್ಥವಾದೀತು?

ಆದ್ದರಿಂದ ಹಳ್ಳಿ ಮೇಷ್ಟ್ರುಗಳಲ್ಲಿ ನಮ್ಮದೊಂದು ಕೇಳಿಕೆ. ಮುಂದಿನ ಸಲ ಹಳ್ಳಿ ಕಟ್ಟುವಾಗ ಕೇರಿಯನ್ನೂ ಕಟ್ಟಿ. ಬರಿದಾದ ಗಡಿಗೆ ಇಡಿ, ಪಕ್ಕದಲ್ಲಿ ಲೋಟ ಮತ್ತು ಕರಟ ಎರಡನ್ನೂ ಇಡಿ. ಮರ ಹತ್ತುತ್ತಿದ್ದ ಮುದುಕರೊಬ್ಬರನ್ನು ಕರೆಸಿ, ಮಂಚದ ಮೇಲೆ ಕೂರಿಸಿ, ಮಾತಾಡಿಸಿ. ಹರಾಜು ಕೂಗುವವನನ್ನೂ, ಅಂಗಡಿ ಮುಂದೆ ಪೊರಕೆ ಹಿಡಿದು ನಿಂತವಳನ್ನೂ ಮಕ್ಕಳೇ ಆಡಲಿ. ಆದರೆ ಕರಟ ಹಿಡಿಯುವ ಪಾತ್ರವನ್ನು ಕೇರಿಯ ಹುಡುಗನಿಗೇ ಕೊಡಬೇಡಿ. ಆ ಕರಟವನ್ನು ಒಂದು ದಿನವಾದರೂ ಊರಿನ ಹುಡುಗ ಹಿಡಿದು ನೋಡಲಿ.