ಎಫ್ ಕೀಲಿಯ ಋಣ

ಕೊಯಮತ್ತೂರಿನ ಗಾಂಧಿಪುರದಿಂದ ಸತ್ಯಮಂಗಲದ ಕಡೆಗೆ ಹೊರಟರೆ ಗಣಪತಿ ದಾಟಿದ ಮೇಲೆ ಸಿಗುವುದು ಶರವಣಂಪಟ್ಟಿ. ಇವತ್ತು ಇದು ಸಾಫ್ಟ್‌ವೇರ್ ಪೇಟೆ: ಐಟಿ ಪಾರ್ಕು, ಎಂಜಿನಿಯರಿಂಗ್ ಕಾಲೇಜು, ಹಾಸ್ಟೆಲ್ಲು, ಟೀ ಅಂಗಡಿ. ಇದೇ ರಸ್ತೆ ಮುಂದೆ ಬಣ್ಣಾರಿ ದಾಟಿ, ದಿಂಬಂ ಘಾಟಿಯ 27 ತಿರುವು ಹತ್ತಿ ಚಾಮರಾಜನಗರ ಸೇರುತ್ತದೆ. ಹಾಗಾಗಿ ಇಲ್ಲಿ ಕನ್ನಡ ಕಿವಿಗೆ ಬಿದ್ದರೆ ಅಚ್ಚರಿಯಿಲ್ಲ. ತಾಳವಾಡಿ ಸೀಮೆಯ ಕನ್ನಡ ಒಂದು ಬಗೆ. ತಲೆಮಾರುಗಳಿಂದ ಕೊಂಗುನಾಡಿನಲ್ಲೇ ನೆಲೆಸಿರುವ ದೇವಾಂಗ, ಒಕ್ಕಲಿಗ ಮನೆಗಳ ಕನ್ನಡ ಇನ್ನೊಂದು ಬಗೆ. ಈ ಮನೆಗಳಲ್ಲಿ ಆಡುವುದು ಕನ್ನಡ, ಬರೆಯುವುದು ತಮಿಳು.

ಈ ಸಾಫ್ಟ್‌ವೇರ್ ಪೇಟೆಯಲ್ಲಿ ಹಳೆಯ ಕಂಪ್ಯೂಟರಿನ ಹುಚ್ಚು ಹಿಡಿಸಿಕೊಂಡ ನನ್ನಂಥವರಿಗೆ ಪ್ರವರ್ತಕರ ಪಟ್ಟಿ ಬಾಯಿಪಾಠ. 1975ರ ಆಲ್ಟೇರ್, ಅದೇ ವರ್ಷ ಮೆನ್ಲೋ ಪಾರ್ಕಿನ ಗ್ಯಾರೇಜೊಂದರಲ್ಲಿ ಸೇರಿದ ಹೋಂಬ್ರೂ ಕ್ಲಬ್ಬಿನ ಹವ್ಯಾಸಿಗಳು, 1977ರ ಆಪಲ್ ಟೂ, 1981ರ ಐಬಿಎಂ ಪಿಸಿ. ನಮ್ಮವರನ್ನೂ ಸೇರಿಸಿಕೊಳ್ಳೋಣ. ಇಲ್ಲೇ ಪಕ್ಕದ ಈರೋಡಿನಲ್ಲಿ 1933ರಲ್ಲಿ ಹುಟ್ಟಿದ ಪ್ರೊ. ವಿ. ರಾಜಾರಾಮನ್ ಕಾನ್ಪುರದ ಐಐಟಿಯಲ್ಲೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಪಾಠ ಹೇಳಿದವರು. ಎಂಸಿಎ ಎಂಬ ಪದವಿ ಶುರುವಾದದ್ದು ಅವರ ನೇತೃತ್ವದ ಸಮಿತಿಯ ಶಿಫಾರಸಿನಿಂದ. ಶರವಣಂಪಟ್ಟಿಯ ಎಷ್ಟೋ ಮನೆಗಳ ಬಾಡಿಗೆ, ಸಾಲದ ಕಂತು ನಡೆಯುವುದು ಆ ಪದವಿಯ ಬಲದಿಂದ.

ಇವರೆಲ್ಲರಿಗೂ ಕೈ ಮುಗಿದೇ ಹೇಳುತ್ತೇನೆ: ಯಂತ್ರ ಮೇಜಿನ ಮೇಲೆ ಬಂದು ಕೂತ ಮಾತ್ರಕ್ಕೆ ನಮ್ಮದಾಗಲಿಲ್ಲ. ಮನೆಮಾತಿನಲ್ಲಿ ಬರೆಸಿಕೊಂಡ ದಿನ ನಮ್ಮದಾಯಿತು. ಆ ಲೆಕ್ಕದಲ್ಲಿ ನಾನು ಮೊದಲು ನೆನೆಯುವುದು ಕೆ.ಪಿ. ರಾವ್ ಅವರನ್ನು.

ಮಂಗಳೂರಿನ ಬಳಿಯ ಕಿನ್ನಿಕಂಬಳದಲ್ಲಿ 1940ರಲ್ಲಿ ಹುಟ್ಟಿದ ಪದ್ಮನಾಭ ರಾವ್ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಾತಾವರಣದಲ್ಲಿ ಬೆಳೆದವರು. ಸಿಂಧೂ ಲಿಪಿಯ ಅಧ್ಯಯನದಲ್ಲಿ ಐರಾವತಂ ಮಹಾದೇವನ್ ಅವರ ಜೊತೆ ದುಡಿದವರು. ಆಮೇಲೆ ಟಾಟಾ ಪ್ರೆಸ್, ಮೋನೋಟೈಪ್. ಅಂದರೆ ಅಚ್ಚಿನ ಮೊಳೆಯನ್ನೂ ಗಣಕವನ್ನೂ ಹತ್ತಿರದಿಂದ ಕಂಡ ಅಪರೂಪದ ಮನುಷ್ಯ.

ಆ ಕಾಲದ ತೊಡಕು ಏನಿತ್ತು? ಬೆರಳಚ್ಚು ಯಂತ್ರದಲ್ಲಿ ಕನ್ನಡ ಅಕ್ಷರವನ್ನು ತುಂಡು ತುಂಡಾಗಿ ಜೋಡಿಸಬೇಕಿತ್ತು. ಗುಡಿಸಿಗೆ, ಕೊಂಬಿಗೆ, ಒತ್ತಿಗೆ ಬೇರೆ ಬೇರೆ ಕೀಲಿ. ಪಿಸಿ ಬಂದಾಗ ಅದರ ಅಕ್ಷರ ಕೋಷ್ಟಕದಲ್ಲಿದ್ದದ್ದು 256 ಮನೆ. ನಮ್ಮ ಕಾಗುಣಿತ, ಒತ್ತಕ್ಷರಗಳನ್ನೆಲ್ಲ ಎಣಿಸಿದರೆ ಸಾವಿರಗಳನ್ನು ದಾಟುತ್ತದೆ. ಕಾನ್ಪುರದ ಐಐಟಿಯಲ್ಲಿ ಹುಟ್ಟಿ ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ಕಾರ್ಡನ್ನು ಕಂಪ್ಯೂಟರಿನೊಳಗೆ ಸಿಕ್ಕಿಸಿದರೆ ಭಾರತೀಯ ಲಿಪಿಗಳು ಮೂಡುತ್ತಿದ್ದವು. ಅದೊಂದು ದಾರಿ.

ರಾವ್ ಅವರು ಅಕ್ಷರದ ಆಕಾರವನ್ನು ಬಿಟ್ಟು ಉಚ್ಚಾರವನ್ನು ಹಿಡಿದರು. ಇಂಗ್ಲಿಷಿನ ಕೆ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ. ಕ ಆದ ಮೇಲೆ ಐ ಒತ್ತಿದರೆ ಇಕಾರ ತಾನಾಗಿ ಗುಡಿಸಾಗಿ ಕೂತು ಕಿ ಆಗುತ್ತದೆ. ಬಿಡಿ ಸ್ವರಕ್ಕೊಂದು, ಗುಣಿತಕ್ಕೊಂದು ಎಂದು ಎರಡು ಕೀಲಿ ಬೇಡ. ಇನ್ನು ಎಫ್. ಅದು ವ್ಯಂಜನದ ಒಡಲಿನಿಂದ ಅಕಾರವನ್ನು ಕಿತ್ತುಹಾಕುತ್ತದೆ. ಮುಂದೆ ಬಂದ ವ್ಯಂಜನ ಒತ್ತಾಗಿ ಕೆಳಗಿಳಿಯುತ್ತದೆ. 26 ಕೀಲಿಯಲ್ಲೇ ಇಡೀ ವರ್ಣಮಾಲೆ. ಒಂದನೇ ತರಗತಿಯ ಕಾಗುಣಿತವೇ ಇಲ್ಲಿನ ತರ್ಕ, ರೂಪ ಕಟ್ಟುವ ಕೂಲಿ ಮಾತ್ರ ಯಂತ್ರದ್ದು. ಪಂಡಿತ ಸೇಡಿಯಾಪು ಕೃಷ್ಣಭಟ್ಟರ ಹೆಸರಿನಲ್ಲಿ ‘ಸೇಡಿಯಾಪು’ ಎಂಬ ತಂತ್ರಾಂಶ ಮಾಡಿ ಅದನ್ನು ಪುಕ್ಕಟೆಯಾಗಿ ಹಂಚಿದರು. ಮುಂದೆ ಕರ್ನಾಟಕ ಸರ್ಕಾರ ಒಪ್ಪಿದ್ದು, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಳಸಿದ್ದು ಇದೇ ವಿನ್ಯಾಸವನ್ನು. 1998ರಲ್ಲಿ ಬಂದ ಶೇಷಾದ್ರಿವಾಸು ಅವರ ‘ಬರಹ’ವೂ ಜನರ ಕೈಗೆ ಉಚಿತವಾಗಿಯೇ ಸಿಕ್ಕಿತು. ಕನ್ನಡದ ಗಣಕಯುಗ ಇಂಥ ಉದಾರಿಗಳ ಹೆಗಲ ಮೇಲೆ ಬಂದದ್ದು.

ಕೊಯಮತ್ತೂರಿನಲ್ಲಿದ್ದು ತಮಿಳು ಕೀಲಿಮಣೆಯ ಮಾತೆತ್ತದಿದ್ದರೆ ರುಚಿಗೇಡು. 1999ರ ಚೆನ್ನೈ ಸಮ್ಮೇಳನದಿಂದ ಹೊಮ್ಮಿದ ತಮಿಳ್99 ವಿನ್ಯಾಸದಲ್ಲೂ ಸ್ವರವೇ ತಾನಾಗಿ ಗುಣಿತವಾಗುತ್ತದೆ. ಆದರೆ ಅಲ್ಲಿ ಇಂಗ್ಲಿಷಿನ ಉಚ್ಚಾರಕ್ಕೆ ಬೆಲೆಯಿಲ್ಲ. ಸ್ವರಗಳು ಎಡಗೈಗೆ, ಹೆಚ್ಚಿನ ವ್ಯಂಜನಗಳು ಬಲಗೈಗೆ. ಕಕಾರ ಕೂತಿರುವುದು ಎಚ್ ಮೇಲೆ. ಒಂದೇ ವ್ಯಂಜನವನ್ನು ಎರಡು ಸಲ ಒತ್ತಿದರೆ ಮೊದಲನೆಯದರ ಮೇಲೆ ಪುಳ್ಳಿ, ಅಂದರೆ ಅಕಾರ ಕಳೆಯುವ ಚುಕ್ಕೆ, ತಾನೇ ಬೀಳುತ್ತದೆ. ಬೇರೆ ಕಡೆ ಪುಳ್ಳಿ ಬೇಕಾದರೆ ಒತ್ತಬೇಕಾದ ಕೀಲಿ ಯಾವುದು ಗೊತ್ತೆ? ಅದೇ ಎಫ್! ಎಡ ತೋರುಬೆರಳು ಸದಾ ಕಾದು ಕೂರುವ ಜಾಗ. ಎರಡನ್ನೂ ಕುಟ್ಟಿ ನೋಡಿದ ನನ್ನ ತೀರ್ಪು ಇಷ್ಟು: ಬೆರಳಿಗೆ ತಮಿಳ್99 ಹಗುರ, ತಲೆಗೆ ರಾವ್ ಅವರದು ಹಗುರ. ಒತ್ತಕ್ಷರ ತುಂಬಿದ ಕನ್ನಡದ ಪುಟ ಮುಗಿಯುವಷ್ಟರಲ್ಲಿ ಆ ತೋರುಬೆರಳು ದಣಿಯುವುದು ನಿಜ.

ಆದರೆ ಶರವಣಂಪಟ್ಟಿಯ ಕನ್ನಡ ಮನೆಗಳಿಗೆ ತಲೆಗೆ ಹಗುರವಾದದ್ದೇ ಬೇಕು. ಇಲ್ಲಿನ ಮಗುವಿಗೆ ಕನ್ನಡದ ಉಚ್ಚಾರ ಬರುತ್ತದೆ, ಅಕ್ಷರದ ಗುರುತಿಲ್ಲ. ಇಂಗ್ಲಿಷ್ ಕೀಲಿ ಅಂಗೈ ಗೆರೆಯಷ್ಟು ಪರಿಚಿತ. ಎಂ ಒತ್ತಿದರೆ ಮ ಮೂಡುವುದನ್ನು ಕಂಡು ಕಂಡೇ ಲಿಪಿ ಕಲಿಯಬಹುದು. ಟಕಾರ ಕ್ಯೂ ಮೇಲೆ, ಡಕಾರ ಡಬ್ಲ್ಯೂ ಮೇಲೆ ಎನ್ನುವಂಥ ಕೆಲವನ್ನು ಮಾತ್ರ ನೆನಪಿಡಬೇಕು. ಲಿನಕ್ಸ್ ಬಳಸುವವರು ಕೀಲಿಮಣೆಗಳ ಪಟ್ಟಿಯಲ್ಲಿ ‘ಕಗಪ’ (KaGaPa) ಎಂದು ಹುಡುಕಿದರೆ ಸಾಕು, ಅದು ಇದೇ ಮನೆತನದ್ದು.

ಪ್ರವರ್ತಕರನ್ನು ನೆನೆಯಲು ಹಾರ ತುರಾಯಿ ಬೇಡ. ಮನೆಯವರ ಹೆಸರು ಕುಟ್ಟಿ ಅಭ್ಯಾಸ ಶುರುಮಾಡಿ. ಅಪ್ಪ, ಅಮ್ಮ, ಅಣ್ಣ, ಅಕ್ಕ, ಅಜ್ಜ, ಅಜ್ಜಿ, ಅತ್ತೆ, ಚಿಕ್ಕಪ್ಪ, ದೊಡ್ಡಮ್ಮ: ಒಬ್ಬರೂ ಎಫ್ ಇಲ್ಲದೆ ಬರುವವರಲ್ಲ. ಮಾವ, ಭಾವ, ತಂಗಿಗೆ ಮಾತ್ರ ಅದರ ಹಂಗಿಲ್ಲ.